ಬೆರಳಿಗೆ ಮಸಿ ಹತ್ತಿದ ಎಲೆಕ್ಷನ್ನು

ಬಡವನಹಳ್ಳಿಯ ಹಳೇಪೇಟೆ ಬೀದಿಯಲ್ಲಿ ಹಗ್ಗದಂಗಡಿ ಅಡವಯ್ಯನಷ್ಟು ಗಟ್ಟಿ ಕೊಡೆ ಪಾರ್ಟಿ ಮನುಷ್ಯ ಇನ್ನೊಬ್ಬ ಇರಲಿಲ್ಲ. ಹಂಗಂತ ಅವನು ಕೊಡೆ ಗುರುತಿಗೆ ಓಟು ಹಾಕುತ್ತಿದ್ದ ಅಂದುಕೊಂಡುಬಿಟ್ಟೀರಿ ಮತ್ತೆ! ಮೀಸೆ ಚಿಗುರಿದ ಹೊಸದರಲ್ಲಿ ಒಂದೆರಡು ಸಲ ಹಾಕಿದ್ದನೋ ಏನೋ. ಈಗ ಆ ಮೀಸೆ ಪೂರ್ತಿ ಬೆಳ್ಳಗಾಗಿದೆ, ಮೊಮ್ಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾರೆ, ಇಷ್ಟು ವರ್ಷದಲ್ಲಿ ಆಸಾಮಿ ಮತಗಟ್ಟೆಯ ಹೊಸಿಲು ತುಳಿದಿಲ್ಲ. ಹೋಗಲಿ, ಅವನ ಎದುರಾಳಿ, ಹೊಲಿಗೆ ಮಿಷನ್ ಪಾರ್ಟಿಯ ಮಾರಣ್ಣನಾದರೂ ಹಾಕುತ್ತಿದ್ದನೇ ಅಂದರೆ, ಊಹೂಂ, ಅವನೂ ಇಲ್ಲ.

ಇಬ್ಬರೂ ಒಂದೇ ಸ್ಕೂಲಿನಲ್ಲಿ ಒಂದೇ ಮೇಷ್ಟ್ರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಅಡವಯ್ಯ ಪೇಟೆಯ ಲಿಂಗಾಯತರ ಮನೆಯವನು. ಹಗ್ಗ, ಮೂಗುದಾರ, ಕೊರಳಗಂಟೆ, ಮಂಕರಿ ಮಾರುವ ಅಂಗಡಿ ಅವನದು. ಮಾರಣ್ಣ ಪೇಟೆ ದಾಟಿದರೆ ಸಿಗುವ ಗೊಲ್ಲರಹಟ್ಟಿಯವನು, ಕುರಿಮಂದೆಯ ಯಜಮಾನ. ದಿನಾ ಬೆಳಗ್ಗೆ ಮಂದೆಯನ್ನು ಮಗನಿಗೆ ಒಪ್ಪಿಸಿ ಮಾರಣ್ಣ ಅಂಗಡಿ ಕಟ್ಟೆಗೆ ಬರಬೇಕು, ಅಡವಯ್ಯ ಪೇಪರು ಬಿಚ್ಚಬೇಕು, ಜಗಳ ಶುರುವಾಗಬೇಕು. ಅದಾಗದೆ ಬೀದಿಯವರಿಗೆ ಟೀ ಇಳಿಯುತ್ತಿರಲಿಲ್ಲ.

"ನೋಡ್ಲಾ, ನಮ್ಮ ಸರ್ಕಾರ ರೋಡಿಗೆ ಎಷ್ಟು ಕೋಟಿ ಕೊಟ್ಟೈತೆ!"

"ಕೊಟ್ಟೈತೆ, ಕೊಟ್ಟೈತೆ. ಶಿರಾ ರೋಡಲ್ಲಿ ನನ್ನ ಟಗರು ಗುಂಡಿಗೆ ಬಿದ್ದು ಕಾಲು ಮುರ್ಕಂತು. ಹೋಗಿ ಆ ಗುಂಡಿ ಮ್ಯಾಲೂ ನಿಮ್ಮ ಕೊಡೆ ಹಿಡೀರಿ."

ಹೀಗೆ ಗಂಟಲು ಹರಿದುಕೊಳ್ಳುವ ಈ ಇಬ್ಬರೂ ಓಟು ಹಾಕದೆ ಇದ್ದದ್ದಕ್ಕೆ ಕಾರಣ ಇದೆ, ಕೇಳಿ. ಬಹಳ ವರ್ಷದ ಹಿಂದೆ ಒಂದು ಎಲೆಕ್ಷನ್ನಿನಲ್ಲಿ ಮತಗಟ್ಟೆ ಮುಂದೆಯೇ ಎರಡೂ ಪಾರ್ಟಿಯವರು ಬಡಿದಾಡಿಕೊಂಡರು. ಅಡವಯ್ಯನ ಕೈ ಮುರಿಯಿತು, ಮುರಿದವನು ಮಾರಣ್ಣ. ಮಾರಣ್ಣನ ಮುಂದಿನ ಹಲ್ಲು ಹೋಯಿತು, ಉದುರಿಸಿದವನು ಅಡವಯ್ಯ. ಮಧುಗಿರಿ ಆಸ್ಪತ್ರೆಯಲ್ಲಿ ಇಬ್ಬರಿಗೂ ಅಕ್ಕಪಕ್ಕದ ಮಂಚವೇ ಸಿಗಬೇಕೇ! ಎಷ್ಟು ದಿನ ಅಂತ ಗೋಡೆ ಕಡೆ ಮುಖ ಮಾಡಿಕೊಂಡು ಮಲಗುತ್ತೀರಿ? ಕೊನೆಗೆ ಮಾರಣ್ಣನೇ ಬಾಯಿಬಿಟ್ಟ.

"ಅಲ್ಲ ಕಣ್ಲಾ ಅಡವಯ್ಯ, ನಿಂದು ಕೊಡೆಗೆ ಒಂದು, ನಂದು ಮಿಷನ್ನಿಗೆ ಒಂದು. ಅದಕ್ಕೆ ಇದು ವಜಾ ಆಯ್ತು. ಇಬ್ರೂ ಮನೇಲಿ ಉಂಡು ಮಲಗಿದ್ರೂ ಇದೇ ಲೆಕ್ಕ ಅಲ್ವೇನ್ಲಾ? ಇದಕ್ಕೆ ನನ್ನ ಹಲ್ಲು ಯಾಕ್ ಹೋಗ್ಬೇಕಿತ್ತು?"

ಅಡವಯ್ಯ ಯೋಚನೆ ಮಾಡಿದ. "ಮಾತು ಸರಿ. ಆದ್ರೆ ನಾನು ಉಂಡು ಮಲಗಿದಾಗ ನೀನು ಎದ್ದೋಗಿ ಹಾಕ್ಬುಟ್ರೆ?"

"ಅದಕ್ಕೇ ಒಟ್ಗೇ ಉಣ್ಣಾನ."

ಅಲ್ಲಿಗೆ ಶುರುವಾಯಿತು ನೋಡಿ 'ಜೋಡಿ ಕೂರೋದು'. ಓಟಿನ ದಿನ ಬೆಳಗ್ಗೆ ಮಾರಣ್ಣ ಅಡವಯ್ಯನ ಮನೆಗೆ ಬರುವುದು, ಸಂಜೆ ಮತಗಟ್ಟೆ ಬಾಗಿಲು ಹಾಕುವವರೆಗೂ ಇಬ್ಬರೂ ಒಬ್ಬರನ್ನೊಬ್ಬರು ಕಾಯುವುದು. ಚೌಕಾಬಾರ ಆಡುವುದು, ಅಡವಯ್ಯನ ಹೆಂಡತಿ ಶಿವರುದ್ರಮ್ಮ ಮಾಡಿದ ಹೋಳಿಗೆ ತಿನ್ನುವುದು, ಬಾಡಿಲ್ಲದ ಹಬ್ಬ ಎಂಥಾ ಹಬ್ಬ ಅಂತ ಮಾರಣ್ಣ ಗೊಣಗುವುದು. ಒಬ್ಬ ಹಿತ್ತಲಿಗೆ ಹೊರಟರೆ ಇನ್ನೊಬ್ಬ ಹಿಂದೆಯೇ ಚೊಂಬು ಹಿಡಿದು ಹೋಗುವುದು. ಇದನ್ನು ನೋಡಿ ಬೀದಿಯವರೆಲ್ಲ ಒಬ್ಬೊಬ್ಬರೇ ಎದುರು ಪಾರ್ಟಿಯವರ ಜೊತೆ ಜೋಡಿ ಕಟ್ಟಿಕೊಂಡರು. ಹೆಂಗಸರೂ ಬಿಡಲಿಲ್ಲ. ಹೊಡೆದಾಟ ನಿಂತೇ ಹೋಯಿತು. ಪೊಲೀಸಿನವರು ಬಂದು ಮರದ ಕೆಳಗೆ ನಿದ್ದೆ ಹೊಡೆದು ಹೋಗುತ್ತಿದ್ದರು.

ಬೇರೆ ಊರಿನಲ್ಲಿ ಬೆರಳಿನ ಮಸಿ ತೋರಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಹಳೇಪೇಟೆಯಲ್ಲಿ ಹಾಗಲ್ಲ. ಇಲ್ಲಿ ಜೋಡಿ ಇದ್ದವನ ಬೆರಳಲ್ಲಿ ಮಸಿ ಕಂಡಿತೋ, ಅವನು ಮಾತಿಗೆ ತಪ್ಪಿದವನು. ಮಾರನೆ ಬೆಳಗ್ಗೆ ಅಡವಯ್ಯನ ಅಂಗಡಿ ಮುಂದೆ ಎಲ್ಲರೂ ಎಡಗೈ ಮುಂದೆ ಚಾಚಿ ತೋರಿಸಿ ಹೋಗಬೇಕು. ಒಬ್ಬನ ಬೆರಳಿನಲ್ಲಿ ಕಪ್ಪು ಕಂಡು ಅವನ ಮಗಳ ನಿಶ್ಚಿತಾರ್ಥವೇ ನಿಲ್ಲುವುದರಲ್ಲಿತ್ತು. ಆಮೇಲೆ ಅದು ಗಾಡಿ ಕೀಲೆಣ್ಣೆ ಅಂತ ಗೊತ್ತಾಗಿ ಎಲ್ಲರೂ ಉಸಿರು ಬಿಟ್ಟರು.

ಇನ್ನು ಬೀದಿಯಲ್ಲಿ ಮಿಷನ್ನಿನವರಿಗಿಂತ ಕೊಡೆಯವರು ಹನ್ನೊಂದು ಜನ ಜಾಸ್ತಿ. ಜೋಡಿ ಸಿಗದ ಆ ಹನ್ನೊಂದು ಜನ ಮಾತ್ರ ಪಾಪ, ಯಾರೂ ಕರೆಯದ ಮದುವೆಗೆ ಹೋದವರ ಹಂಗೆ ಹೋಗಿ ಓಟು ಹಾಕಿ ಬರುತ್ತಿದ್ದರು. ಈ ಬೂತಿನಲ್ಲಿ ಕೊಡೆಗೆ ಹನ್ನೊಂದು ಓಟಿನ ಲೀಡು ಅನ್ನುವುದು ಎರಡೂ ಪಾರ್ಟಿಯವರಿಗೆ ಬಾಯಿಪಾಠವಾಗಿತ್ತು.

ಎಲ್ಲರೂ ಸುಖವಾಗಿದ್ದರು, ಗಂಗಾಲಕ್ಷ್ಮಿ ಒಬ್ಬಳನ್ನು ಬಿಟ್ಟು. ಗಂಗಾಲಕ್ಷ್ಮಿ ಅಂದರೆ ಮಾರಣ್ಣನ ಮಗಳು. ಹಳೇಪೇಟೆ ಅಂಗನವಾಡಿ ಟೀಚರು. ಅಂಗನವಾಡಿ ಟೀಚರ ತಲೆಗೆ ಸರ್ಕಾರ ಏನೇನು ಕಟ್ಟುತ್ತದೆ ಅಂತ ನಿಮಗೆ ಗೊತ್ತೇ ಇದೆಯಲ್ಲ. ಬೂತಿನ ಓಟರ್ ಲಿಸ್ಟು, ಚೀಟಿ ಹಂಚೋದು, ಜನರನ್ನು ಹೊರಡಿಸೋದು, ಎಲ್ಲ ಅವಳದೇ. ಈ ಸಲ ಪಾರ್ಲಿಮೆಂಟ್ ಎಲೆಕ್ಷನ್ನಿಗೆ ಮುಂಚೆ ಮಧುಗಿರಿಯಲ್ಲಿ ಮೀಟಿಂಗು ಕರೆದಿದ್ದರು. ಎಲೆಕ್ಷನ್ ಸಾಹೇಬರು ಅವಳೊಬ್ಬಳನ್ನೇ ಎಬ್ಬಿಸಿ ನಿಲ್ಲಿಸಿದರು.

"ನೋಡಮ್ಮಾ, ಚನ್ನರಾಯನದುರ್ಗದಲ್ಲಿ ಕೋಲೂರಿಕೊಂಡು ಅಜ್ಜಿಯರು ಬಂದು ಓಟು ಹಾಕ್ತಾರೆ. ಪಾವಗಡದ ತಿರುಮಣಿಯಲ್ಲಿ ಆ ಬಿಸಿಲಲ್ಲಿ ನಿಂತು ಹಾಕ್ತಾರೆ. ನಿನ್ನ ಬೂತಲ್ಲಿ ಮನೆ ಬಾಗಿಲ ಸ್ಕೂಲಲ್ಲೇ ಮತಗಟ್ಟೆ ಇದ್ದರೂ ಡ್ಯೂಟಿಯವರು ನೊಣ ಹೊಡೀತಾ ಕೂರ್ತಾರೆ. ನಿಮ್ಮೂರಲ್ಲಿ ಮನುಷ್ಯರು ಇದ್ದಾರೋ ಇಲ್ವೋ?"

ಮೀಟಿಂಗಿಗೆ ಮೀಟಿಂಗೇ ನಕ್ಕಿತು. ಆ ಹುಡುಗಿ ಬಸ್ಸಿನಲ್ಲಿ ಕಣ್ಣೊರೆಸಿಕೊಂಡು ಊರಿಗೆ ಬಂದಳು. ಬಂದವಳು ರಂಗೋಲಿ ಸ್ಪರ್ಧೆ ಮಾಡಿಸಿದಳು, ಮಕ್ಕಳ ಕೈಲಿ ಘೋಷಣೆ ಕೂಗಿಸಿದಳು. ಜನ ರಂಗೋಲಿ ನೋಡಿ ಚೆನ್ನಾಗೈತೆ ಅಂದರು, ಮಕ್ಕಳ ಕೆನ್ನೆ ಚಿವುಟಿದರು, ಓಟಿನ ದಿನಕ್ಕೆ ಹೋಳಿಗೆ ಬೇಳೆ ತಂದಿಟ್ಟುಕೊಂಡರು. ಆಗ ಅವಳಿಗೆ ರೇಗಿತು. ರೇಗಿದ ಮೇಲೆ ಬುದ್ಧಿಯೂ ಓಡಿತು, ಓಡಬಾರದ ಕಡೆಗೆ.

ಓಟಿನ ಹಿಂದಿನ ದಿನ ಚೀಟಿ ಕೊಡುವ ನೆಪದಲ್ಲಿ ಅವಳು ಅಡವಯ್ಯನ ಅಂಗಡಿಗೆ ಬಂದಳು. ಅಡವಯ್ಯ ಹುರಿ ಹೊಸೆಯುತ್ತಾ ಕೂತಿದ್ದ.

"ದೊಡ್ಡಪ್ಪ, ಒಂದು ಮಾತು. ನಾನು ಹೇಳಿದೆ ಅಂತ ಮಾತ್ರ ಎಲ್ಲೂ ಬಾಯಿಬಿಡಬೇಡ."

"ಏನಮ್ಮಾ?"

"ಅಪ್ಪ ನಾಳೆ ಬೆಳಗ್ಗೆ ಏಳಕ್ಕೇ ಹೋಗಿ ಓಟು ಹಾಕ್ಬುಟ್ಟು, ಆಮೇಲೆ ಏನೂ ಗೊತ್ತಿಲ್ಲದೋರ ಹಂಗೆ ನಿಮ್ಮನೆಗೆ ಬತ್ತಾನಂತೆ. ಬೆರಳಿಗೆ ಬಟ್ಟೆ ಸುತ್ಕಂಡು, ಕುರಿ ಕಚ್ತು ಅಂತಾನಂತೆ."

ಅಡವಯ್ಯನ ಕೈಯ ಹುರಿ ಬಿಚ್ಚಿಕೊಂಡಿತು. "ಏ, ಹೋಗಮ್ಮ! ಮಾರನಾ? ಅವನು ಅಂಥೋನಲ್ಲ."

"ಅಲ್ಲ ಅಂತಲೇ ನಾನೂ ಅಂದ್ಕಂಡಿದ್ದೆ," ಅಂದು ಅವಳು ಕಣ್ಣು ತಗ್ಗಿಸಿ ಮುಂದಿನ ಮನೆಗೆ ಹೋದಳು. ಮುಂದಿನ ಮನೆಯಲ್ಲಿ ಆ ಮನೆಯವರ ಜೋಡಿಯ ಮೇಲೆ ಇದೇ ಮಾತು. ಅದರ ಮುಂದಿನ ಮನೆಯಲ್ಲೂ ಇದೇ. ಎಲ್ಲರ ಹತ್ತಿರವೂ, ನಾನು ಹೇಳಿದೆ ಅನ್ನಬೇಡಿ ಅಂತ ಕೈ ಮೇಲೆ ಕೈ ಹಾಕಿಸಿಕೊಂಡಳು. ಇದು ಅಡವಯ್ಯನಿಗೆ ಹೇಗೆ ಗೊತ್ತಾಗಬೇಕು? ಬೇರೆ ಯಾರಾದರೂ ಹೇಳಿದ್ದರೆ ಅವನು ಅಂಗಡಿಯಿಂದ ಓಡಿಸುತ್ತಿದ್ದ. ಹೇಳಿದವಳು ಸ್ವಂತ ಮಗಳು!

ಆವತ್ತು ಅವನಿಗೆ ಊಟ ಸೇರಲಿಲ್ಲ. ಶಿವರುದ್ರಮ್ಮ ಬೇಳೆ ನೆನೆಹಾಕಲು ಹೊರಟರೆ "ಬೇಡ" ಅಂದ. ಮತ್ತೆ "ಹಾಕು" ಅಂದ. ಮತ್ತೆ "ಅವನಿಗೆ ಯಾಕೆ ಹೋಳಿಗೆ, ಮಣ್ಣು ಹಾಕು" ಅಂದ.

"ರೀ, ನಿಮಗೇನು ತಲೆ ಕೆಟ್ಟೈತಾ?" ಅಂದಳು ಶಿವರುದ್ರಮ್ಮ.

ಬೆಳಗ್ಗೆ ಆರೂವರೆಗೇ ಅಡವಯ್ಯ ಸ್ಕೂಲಿನ ಕಡೆ ಹೊರಟ. ಓಟು ಹಾಕಲಿಕ್ಕಲ್ಲ. ಸುಮ್ಮನೆ ನೋಡಿಕೊಂಡು ಬರೋಣ, ಮಾರಣ್ಣ ಅಲ್ಲಿರುವುದಿಲ್ಲ, ಆಮೇಲೆ ಬಂದು ಹೋಳಿಗೆ ಮಾಡಿಸಿದರಾಯಿತು ಅಂತ ಮನಸ್ಸಿನಲ್ಲಿ ಹೇಳಿಕೊಂಡೇ ಹೋದ. ಸ್ಕೂಲಿನ ತಿರುವಿಗೆ ಬಂದು ನೋಡುತ್ತಾನೆ, ಹಳೇಪೇಟೆಗೆ ಹಳೇಪೇಟೆಯೇ ಸಾಲು ನಿಂತಿದೆ! ಹಲ್ಲುಜ್ಜದೆ ಬಂದವರು, ಚಡ್ಡಿಯಲ್ಲಿ ಬಂದವರು, ತಲೆಗೆ ಎಣ್ಣೆ ಹಚ್ಚಿಕೊಂಡು ಹಾಗೇ ಓಡಿಬಂದ ಹೆಂಗಸರು. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ನೋಡಿದ ಕಡೆಯೆಲ್ಲ ಗುದ್ದಾಟವೊಂದು ಬಾಕಿ. ಆ ಸಾಲಿನ ನಡುವೆ, ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು, ಮಾರಣ್ಣ.

ಅಡವಯ್ಯನಿಗೆ ನೋವಾಯಿತು ಅಂದರೆ ಸುಳ್ಳಲ್ಲ, ಕಣ್ಣಲ್ಲಿ ನೀರೇ ಬಂತು. ಆದರೆ ಗಂಡಸು ಮಹಾರಾಯ, ಅದನ್ನು ತೋರಿಸುವುದುಂಟೇ? ಗಂಟಲು ಎತ್ತರಿಸಿದ.

"ಏನ್ಲಾ ಮಾರಾ! ಕುರಿ ಕಚ್ಚಕ್ಕೆ ಮುಂಚೇನೇ ಬಂದ್ಬುಟ್ಯಾ?"

ಮಾರಣ್ಣ ತಿರುಗಿದ. ಅವನ ಮುಖವೂ ಉರಿಯುತ್ತಿತ್ತು. "ನೀನು ಯಾಕ್ಲಾ ಬಂದೆ? ಹೆಂಡ್ತಿ ಕೈಲಿ ಹೋಳಿಗೆ ತಟ್ಟಕ್ಕೆ ಹೇಳ್ಬುಟ್ಟು, ಹಿತ್ತಲ ಬಾಗ್ಲಿಂದ ಓಟು ಹಾಕಕ್ಕೆ ಬಂದ್ಯಾ? ಮೋಸಗಾರ!"

"ಯಾವನ್ಲಾ ಮೋಸಗಾರ? ಸಾಲಲ್ಲಿ ನನಗಿಂತ ಮುಂದೆ ನಿಂತಿರೋನು ಯಾವನು?"

"ಮೊದ್ಲು ಬಂದಿದ್ದು ಒಳ್ಳೇದೇ ಆಯ್ತು ಬುಡು. ಇಲ್ಲಾಂದ್ರೆ ನಿನ್ನ ಬಣ್ಣ ಕಾಣ್ತಿರ್ಲಿಲ್ಲ."

ಪೊಲೀಸಿನವನಿಗೆ ಅವತ್ತು ನಿದ್ದೆ ಇಲ್ಲ. ಇಬ್ಬರ ನಡುವೆ ಲಾಠಿ ಅಡ್ಡ ಹಿಡಿದುಕೊಂಡೇ ನಿಂತ. ಮಾರಣ್ಣ ಒಳಗೆ ಹೋದ, ಹೊರಗೆ ಬಂದ, ಬೆರಳು ಎತ್ತಿ ಅಡವಯ್ಯನ ಮೂಗಿನ ಹತ್ತಿರ ಹಿಡಿದು, "ನೋಡ್ಕೋ" ಅಂದು ಹಟ್ಟಿ ಕಡೆ ಹೊರಟುಹೋದ.

ಅಡವಯ್ಯನ ಸರದಿ ಬಂತು. ಒಳಗೆ ಮೇಜಿನ ಹಿಂದೆ ಪಾವಗಡದ ಕಡೆಯಿಂದ ಡ್ಯೂಟಿಗೆ ಬಂದ ಪೆದ್ದಣ್ಣ ಮೇಷ್ಟ್ರು ಕೂತಿದ್ದರು. ಅರ್ಧ ತೆಲುಗು, ಅರ್ಧ ಕನ್ನಡ.

"ರಾಂಡಿ ಪೆದ್ದಾಯನಾ, ಬನ್ನಿ ಯಜಮಾನ್ರೇ, ಬೆರಳು ಕೊಡಿ."

ಅಡವಯ್ಯ ಬಲಗೈ ಕೊಟ್ಟ. ಅಲ್ಲ ಅಂದರು. ಎಡಗೈ ಕೊಟ್ಟ. ಮಸಿ ತಣ್ಣಗೆ ತಾಗಿತು. ಎಷ್ಟು ಜನರ ಬೆರಳನ್ನು ಹಿಡಿದು ಉಗಿದಿದ್ದನೋ, ಈಗ ತನ್ನದಕ್ಕೇ ಹತ್ತಿತು. ಮರೆಗೆ ಹೋಗಿ ನಿಂತು ಆ ಕಡೆ ಈ ಕಡೆ ಹುಡುಕಾಡಿದ.

"ಸ್ವಾಮಿ, ಸೀಲು ಎಲ್ಲೈತೆ?"

"ಅಯ್ಯೋ ದೇವುಡಾ! ಸೀಲು ಹೋಗಿ ಯಾವ ಕಾಲ ಆಯಿತು! ಗುರುತಿನ ಪಕ್ಕ ನೀಲಿ ಗುಂಡಿ ಉಂದಿ ನೋಡಿ, ಅದನ್ನ ಒತ್ತಿ."

ಅಡವಯ್ಯ ಬಗ್ಗಿ ನೋಡಿದ. ಕೊಡೆ ಇತ್ತು. ಎರಡು ಸಾಲು ಕೆಳಗೆ ಹೊಲಿಗೆ ಮಿಷನ್ ಇತ್ತು. ಬೆರಳು ಕೊಡೆಯ ಕಡೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಈ ಕೊಡೆಯವರಲ್ಲಿ ಯಾವನು ತನ್ನ ಮನೆಗೆ ಬಂದು ಒಂದು ದಿನ ಹೇಗಿದ್ದೀಯಪ್ಪಾ ಅಂದಿದ್ದಾನೆ? ಶಿವರುದ್ರಮ್ಮನಿಗೆ ಟೈಫಾಯಿಡ್ ಆದಾಗ ಕಂಬಳಿ ಹಾಸಿ ಆಸ್ಪತ್ರೆ ಜಗಲಿಯ ಮೇಲೆ ಜೊತೆಗೆ ಮಲಗಿದವನು ಯಾರು? ಒಂದೊಂದು ಎಲೆಕ್ಷನ್ನಿನಲ್ಲೂ ತನ್ನ ಮುಖ ನೋಡಿ ಓಟು ಬಿಟ್ಟುಕೊಟ್ಟು, ಬಾಡಿಲ್ಲದ ಊಟ ಉಂಡು ಹೋದವನು ಯಾರು? ಅಷ್ಟೂ ಓಟಿನ ಸಾಲ ಈಗ ತಲೆ ಮೇಲೆ ಬಂದು ಕೂತಿತು. ಅದರ ಜೊತೆಗೆ ಸಿಟ್ಟು ಬೇರೆ.

"ನಿನ್ನ ಹಂಗು ನಂಗೆ ಬ್ಯಾಡ ಕಣಲೇ," ಅಂದುಕೊಂಡ. "ಬೇಕಾಗಿದ್ದು ಓಟು ತಾನೆ? ತಗೋ, ನಂದೂ ತಗೊಂಡು ಹಾಳಾಗೋಗು!"

ಹೊಲಿಗೆ ಮಿಷನ್ನಿನ ಗುಂಡಿಯನ್ನು ಹೆಬ್ಬೆರಳಲ್ಲಿ ಅದುಮಿದ. ಯಂತ್ರ ಕುಂಯ್ಯೋ ಅಂತ ಕಿರುಚಿತು. ಪಕ್ಕದ ಗಾಜಿನೊಳಗೆ ಮಿಷನ್ ಗುರುತಿನ ಚೀಟಿ ಕಂಡು, ಕೆಳಗೆ ಬಿತ್ತು. ಅಷ್ಟು ಹೊತ್ತಿಗೆ ಸಿಟ್ಟು ಅರ್ಧ ಇಳಿದಿತ್ತು, ಹೆದರಿಕೆ ಪೂರ್ತಿ ಏರಿತ್ತು. ಹೊರಗೆ ಬಂದು ಯಾರ ಹತ್ತಿರವೂ ಮಾತಾಡದೆ ಮನೆಗೆ ಹೋಗಿ ಮುಸುಕು ಹಾಕಿಕೊಂಡ.

ಸಂಜೆ ಹೊತ್ತಿಗೆ ಗಂಗಾಲಕ್ಷ್ಮಿಯ ಬೂತು ತಾಲ್ಲೂಕಿಗೇ ಮೊದಲು. ಹಾಸಿಗೆ ಹಿಡಿದವರನ್ನೂ ಹೊತ್ತು ತಂದಿದ್ದರು, ಹಾಕದೆ ಉಳಿದವರೇ ಇಲ್ಲ. ಸಾಹೇಬರು ಅವಳನ್ನು ಮಧುಗಿರಿಗೆ ಕರೆಸಿ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡರು. ಇತ್ತ ಬೀದಿಯಲ್ಲಿ ಒಂದೇ ವಾರದಲ್ಲಿ ಗುಟ್ಟು ಬಯಲಾಯಿತು. ನಿನಗೆ ಯಾರು ಹೇಳಿದ್ದು ಅಂದರೆ ಗಂಗಾಲಕ್ಷ್ಮಿ, ನಿನಗೆ ಯಾರು ಅಂದರೆ ಗಂಗಾಲಕ್ಷ್ಮಿ. ಜನ ಮೊದಲು ಬೈದರು, ಆಮೇಲೆ ನಕ್ಕರು. ಮುರಿದ ಜೋಡಿಗಳು ಟೀ ಅಂಗಡಿಯಲ್ಲೇ ಸರಿಹೋದವು. ಸರಿಹೋಗದೆ ಉಳಿದದ್ದು ಒಂದೇ ಜೋಡಿ.

ಗಂಗಾಲಕ್ಷ್ಮಿ ಅಂಗಡಿಗೆ ಬಂದು ಅಡವಯ್ಯನ ಕಾಲು ಹಿಡಿದುಕೊಂಡು ಗೊಳೋ ಅಂದಳು. "ತಪ್ಪಾಯ್ತು ದೊಡ್ಡಪ್ಪ. ಅಪ್ಪಂಗೂ ಹಿಂಗೇ ಹೇಳಿದ್ದೆ, ನೀನು ಕದ್ದು ಓಟು ಹಾಕ್ತೀಯ ಅಂತ. ನಿಮ್ಮಿಬ್ಬರನ್ನು ಹೊರಡಿಸದೆ ಊರು ಹೊರಡಲ್ಲ ಅಂತ ಹಂಗೆ ಮಾಡಿದೆ. ಅಪ್ಪ ನನ್ನ ಹತ್ರ ಮಾತಾಡ್ತಿಲ್ಲ. ಊಟಾನೂ ಸರಿಯಾಗಿ ಮಾಡ್ತಿಲ್ಲ. ಅವ್ವ ಅಂತೂ ದಿನಾ ಬೈತಾಳೆ."

"ಏಳಮ್ಮಾ. ನೀನು ಸುಳ್ಳು ಹೇಳಿದ್ದು ಏನೂ ದೊಡ್ಡದಲ್ಲ. ಹೊಟ್ಟೆಪಾಡು, ಹೇಳಿದೆ. ಆದ್ರೆ ಅವನು ನಂಬಿದ್ನಲ್ಲ!" ಅಡವಯ್ಯನ ದನಿ ಒಡೆಯಿತು. "ಇಷ್ಟು ವರ್ಷ ನನ್ನ ಜೊತೆ ಕೂತು ಉಂಡು, ಅಡವಯ್ಯ ಕಳ್ಳತನದಲ್ಲಿ ಓಟು ಹಾಕ್ತಾನೆ ಅಂದ್ರೆ ನಂಬಿದ್ನಲ್ಲ, ಅದು ಹೆಂಗೆ?"

ಒಳಗಿನಿಂದ ಶಿವರುದ್ರಮ್ಮ ಕೇಳಿದಳು, "ನೀವೂ ನಂಬಿದ್ರಲ್ಲ?"

ಇದನ್ನು ಕೇಳಿ ಅಡವಯ್ಯನಿಗೆ ಇನ್ನಷ್ಟು ಸಿಟ್ಟು ಬಂತು. ಅತ್ತ ಮಾರಣ್ಣನೂ ಹಟ್ಟಿಯಲ್ಲಿ ಇದನ್ನೇ ಹೇಳುತ್ತಿದ್ದನಂತೆ: ನನ್ನ ಮಗಳು ಹುಡುಗಿ, ಸುಳ್ಳು ಹೇಳಿದ್ಲು, ಅವನ್ಯಾಕೆ ನಂಬ್ದ? ಓಟು ಏಪ್ರಿಲ್ಲಿನಲ್ಲಿ, ಎಣಿಕೆ ಜೂನಿನಲ್ಲಿ. ಅಷ್ಟು ದಿನವೂ ಕಟ್ಟೆ ಖಾಲಿ. ಅಡವಯ್ಯ ಪೇಪರು ಬಿಚ್ಚುತ್ತಿದ್ದ, ಒಬ್ಬನೇ ಮನಸ್ಸಿನಲ್ಲಿ ಓದುತ್ತಿದ್ದ, ಮಡಿಸಿ ಇಡುತ್ತಿದ್ದ. ಕೊಡೆ ಪಾರ್ಟಿಯನ್ನು ಹೊಗಳುವುದಕ್ಕೆ ಬೈಯುವವನೊಬ್ಬ ಎದುರಿಗೆ ಬೇಕಲ್ಲ! ರುಚಿಯೇ ಹೋಯಿತು. ಗಿರಾಕಿ ಹಗ್ಗ ಕೇಳಿದರೆ ಗಂಟೆ ಕೊಡುತ್ತಿದ್ದ.

ಇದರ ಮೇಲೆ ಇನ್ನೊಂದು ಸಂಕಟ ಹುಟ್ಟಿಕೊಂಡಿತು. ಕೊಡೆ ಪಾರ್ಟಿಯ ಬೂತ್ ಏಜೆಂಟು ಪ್ರಭುದೇವ್ ಒಂದು ಬೆಳಗ್ಗೆ ಅಂಗಡಿಗೆ ಬಂದು ಟೀ ತರಿಸಿ ಲೆಕ್ಕ ಬಿಡಿಸಿದ.

"ಅಣ್ಣ, ಈ ಸಲ ಮಜಾ ಐತೆ. ಎಲ್ಲಾ ಹಾಕವ್ರೆ. ಎಲ್ರೂ ಅವರವರ ಪಾರ್ಟಿಗೇ ಹಾಕಿದ್ರೆ ನಮ್ಮ ಲೀಡು ಅದೇ ಹನ್ನೊಂದು ಇರ್ಬೇಕು. ನಮ್ಮೋನು ಒಬ್ಬ ಉಲ್ಟಾ ಹೊಡೆದ್ರೂ ಸಾಕು, ನಮಗೊಂದು ಕಮ್ಮಿ, ಅವರಿಗೊಂದು ಜಾಸ್ತಿ, ಒಂಬತ್ತಾಯ್ತದೆ. ಆಗ ಹುಡುಕ್ತೀನಿ ನೋಡು, ಯಾವನು ಆ ದ್ರೋಹಿ ಅಂತ."

ಅಡವಯ್ಯನಿಗೆ ಟೀ ನೆತ್ತಿಗೇರಿತು. ಪ್ರಭುದೇವ್ ಬೆನ್ನು ತಟ್ಟಿ, "ನಿಮ್ಮಂಥೋರು ಇರೋದಕ್ಕೇ ಪಾರ್ಟಿ ಉಳಿದೈತೆ ಅಣ್ಣ," ಅಂದು ಎದ್ದುಹೋದ.

ಅವತ್ತಿನಿಂದ ಒಂಬತ್ತು ಅನ್ನುವ ಸಂಖ್ಯೆ ಕೇಳಿದರೆ ಅಡವಯ್ಯನಿಗೆ ಬೆವರು. ಹುಡುಕುತ್ತಾರೆ, ಸಿಕ್ಕಿಬೀಳುತ್ತೇನೆ, ಈ ವಯಸ್ಸಿನಲ್ಲಿ ಪಾರ್ಟಿಯಿಂದಲೂ ಹೋದೆ ಅಂತ ಒಂದು ಕಡೆ. ಇನ್ನೊಂದು ಕಡೆ, ಯಾರ ಸಲುವಾಗಿ ಉಲ್ಟಾ ಹೊಡೆದನೋ ಆ ಕತ್ತೆಗೆ ಅದು ಗೊತ್ತೂ ಇಲ್ಲ, ಗೊತ್ತಾಗುವುದೂ ಇಲ್ಲ. ಇದೇ ಅವನನ್ನು ಹೆಚ್ಚು ತಿನ್ನುತ್ತಿತ್ತು. ಎಷ್ಟೋ ಸಲ ಹೇಳಿಬಿಡೋಣ ಅಂತ ಹಟ್ಟಿಯ ದಾರಿ ಹಿಡಿದ, ಅರ್ಧ ದಾರಿಗೆ ಹೋಗಿ, ಅವನೇ ಬರಲಿ ಅಂತ ತಿರುಗಿ ಬಂದ.

ಎಣಿಕೆಯ ದಿನ ಬಂತು. ಪ್ರಭುದೇವ್ ತುಮಕೂರಿನ ಎಣಿಕೆ ಕೇಂದ್ರಕ್ಕೆ ಹೋಗಿದ್ದ. ಹಳೇಪೇಟೆಯವರೆಲ್ಲ ಹಗ್ಗದಂಗಡಿ ಮುಂದೆ ಸೇರಿದ್ದರು. ದೇಶದಲ್ಲಿ ಯಾರು ಗೆದ್ದರು, ಕ್ಷೇತ್ರದಲ್ಲಿ ಯಾರು ಗೆದ್ದರು ಅಂತ ಕೇಳುವವರಿಲ್ಲ. ನಮ್ಮ ಬೂತು ಎಷ್ಟು, ನಮ್ಮಲ್ಲಿ ನಿಯತ್ತು ತಪ್ಪಿದವನು ಯಾವನು, ಎಲ್ಲರಿಗೂ ಅದೇ. ಅಡವಯ್ಯ ಹಗ್ಗದ ಸುರುಳಿಗಳ ಹಿಂದೆ ಹೋಗಿ ಕೂತಿದ್ದ. ಮಧ್ಯಾಹ್ನದ ಹೊತ್ತಿಗೆ ಅವನ ಫೋನೇ ಬಡಿದುಕೊಂಡಿತು. ಯಾರೋ ಕಸಿದು ಸ್ಪೀಕರಿಗೆ ಹಾಕಿದರು.

"ಹನ್ನೊಂದು ಅಣ್ಣಾ!" ಪ್ರಭುದೇವ್ ಕೂಗುತ್ತಿದ್ದ. "ಹನ್ನೊಂದಕ್ಕೆ ಹನ್ನೊಂದು! ಒಬ್ಬನೂ ಆ ಕಡೆ ಈ ಕಡೆ ಆಗಿಲ್ಲ!"

ಬೀದಿ ಹೋ ಅಂತು. ಕೊಡೆಯವರೂ ಮಿಷನ್ನಿನವರೂ ತಬ್ಬಿಕೊಂಡರು. ಅಡವಯ್ಯ ಮಾತ್ರ ಫೋನು ಕಿತ್ತುಕೊಂಡ.

"ಲೇ ಪ್ರಭು, ಸರಿಯಾಗಿ ನೋಡ್ಲಾ! ಒಂಬತ್ತಲ್ವಾ?"

"ಅಣ್ಣ, ಕಣ್ಣಾರೆ ನೋಡಿ ಬರ್ಕಂಡಿದೀನಿ. ಹನ್ನೊಂದೇ."

ಅಡವಯ್ಯ ಫೋನು ಇಟ್ಟು ಬೆರಳು ಮಡಿಸಿ ಲೆಕ್ಕ ಹಾಕಿದ. ತನ್ನ ಓಟು ಆ ಕಡೆ ಹೋಗಿದೆ. ಗಾಜಿನೊಳಗೆ ಚೀಟಿಯನ್ನು ಕಣ್ಣಾರೆ ನೋಡಿದ್ದಾನೆ. ಒಂಬತ್ತು ಆಗಲೇಬೇಕಿತ್ತು. ಹನ್ನೊಂದೇ ಉಳಿದಿದೆ ಅಂದರೆ, ಮಿಷನ್ನಿನವನು ಒಬ್ಬ ಈ ಕಡೆಗೆ ಒತ್ತಿದ್ದಾನೆ. ಯಾವನು? ಯಾವನು ಅಂತ ಕೇಳಿಕೊಳ್ಳುವುದಕ್ಕೆ ಮುಂಚೆಯೇ ಅವನ ಕಾಲು ಅಂಗಡಿ ಇಳಿದಿತ್ತು. ಚಪ್ಪಲಿ ಹಾಕಿಕೊಂಡಿರಲಿಲ್ಲ. ಶಿವರುದ್ರಮ್ಮ "ರೀ, ಎಲ್ಲಿಗ್ರೀ?" ಅಂದದ್ದು ಕೇಳಿಸಲಿಲ್ಲ.

ಹಟ್ಟಿಯ ಕುರಿದೊಡ್ಡಿಯಲ್ಲಿ ಮಾರಣ್ಣ ಮರಿಯೊಂದನ್ನು ಮಂಡಿಗಳ ನಡುವೆ ಅಮುಕಿಕೊಂಡು ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುತ್ತಿದ್ದ. ಅಡವಯ್ಯ ಬಂದು ಬೇಲಿ ಪಕ್ಕ ನಿಂತದ್ದು ಅವನಿಗೆ ಕಂಡಿತು. ಕಂಡರೂ ತಲೆ ಎತ್ತಲಿಲ್ಲ.

ಕೊನೆಗೆ ಮಾರಣ್ಣ ಮರಿಗೆ ಹೇಳುವಂತೆ ಕೇಳಿದ, "ಎಷ್ಟು ಬಂತಂತೆ?"

"ಹನ್ನೊಂದು."

ಗೊಟ್ಟ ಹಿಡಿದ ಕೈ ನಿಂತಿತು. "ಹನ್ನೊಂದಾ? ಹೆಂಗ್ಲಾ? ಹದಿಮೂರು ಆಗ್ಬೇಕಿತ್ತು..." ಅಂದವನು ನಾಲಿಗೆ ಕಚ್ಚಿಕೊಂಡ.

"ನನ್ನ ಲೆಕ್ಕದಲ್ಲಿ ಒಂಬತ್ತಾಗ್ಬೇಕಿತ್ತು ಕಣ್ಲಾ," ಅಂದ ಅಡವಯ್ಯ.

ಮಾರಣ್ಣ ಈಗ ತಲೆ ಎತ್ತಿದ. ಮಂಡಿ ಸಡಿಲವಾಗಿ ಮರಿ ತಪ್ಪಿಸಿಕೊಂಡು ಓಡಿತು, ಔಷಧಿ ಪಂಚೆಯ ಮೇಲೆ ಚೆಲ್ಲಿತು.

"ನೀನು ಮಿಷನ್ನಿಗೆ ಒತ್ತಿದ್ಯಾ?"

"ನೀನು ಕೊಡೆಗೆ ಒತ್ತಿದ್ಯಾ?"

"ಸಿಟ್ಟು ಬಂದಿತ್ತು ಕಣ್ಲಾ," ಅಂದ ಮಾರಣ್ಣ. "ಮೈ ಉರೀತಿತ್ತು. ನಾಚಿಕೆ ಇಲ್ದೋನು, ಒಂದು ಓಟಿಗೆ ನನ್ನ ಮಾರಿಬುಟ್ನಲ್ಲ, ತಗಳ್ಳಲಿ ನಂದೂ ತಗಂಡು ನೆಕ್ಕಲಿ ಅಂತ ಒತ್ಬುಟ್ಟೆ. ಈಚೆಗೆ ಬಂದ ಮ್ಯಾಲೆ ಅಳು ಬಂತು."

ಅಡವಯ್ಯ ಬೇಲಿಯ ಗೂಟ ಹಿಡಿದುಕೊಂಡ. ನಗು ಬಂತು, ನಗುವಿನ ಹಿಂದೆ ಅಳುವೂ ಬಂತು, ಯಾವುದನ್ನು ಮೊದಲು ಹೊರಗೆ ಬಿಡಬೇಕೋ ತಿಳಿಯಲಿಲ್ಲ. "ನಂಬ್ಬಾರದಿತ್ತು ಕಣ್ಲಾ ನಾನು," ಅಂದ. "ನನ್ನದೇ ತಪ್ಪು."

"ನಾನು ನಂಬ್ಲಿಲ್ವಾ? ಬುಡು ಅತ್ಲಾಗೆ." ಮಾರಣ್ಣ ರುಮಾಲಿನ ತುದಿಯಲ್ಲಿ ಮೂಗೊರೆಸಿಕೊಂಡ. ಆಮೇಲೆ ಥಟ್ಟನೆ ಎದ್ದು ನಿಂತು ಅಕ್ಕಪಕ್ಕ ನೋಡಿ ಗುಟ್ಟಿನಲ್ಲಿ ಅಂದ, "ಲೇ, ನಾನು ಕೊಡೆಗೆ ಹಾಕಿದ್ದು ಹೊರಗೆ ಗೊತ್ತಾಯ್ತೋ, ನಿನ್ನ ಚರ್ಮ ಸುಲಿದು ತಮಟೆ ಮಾಡಿಸ್ತೀನಿ. ನಮ್ಮ ಪಾರ್ಟೀಲಿ ನಂಗೆ ಒಂದು ಮರ್ಯಾದೆ ಐತೆ."

"ಏನ್ಲಾ ಮರ್ಯಾದೆ? ಹೊಲಿಗೆ ಹಾಕ್ತೀನಿ ಅಂತ ದೇಶ ಹರಿದೋರು ನೀವು!"

"ಯಾವನ್ಲಾ ಹರಿದೋನು? ನಿಮ್ಮ ಕೊಡೆಗೆ ಬಟ್ಟೆ ಎಲ್ಲೈತಲೇ? ಬರೀ ಕಡ್ಡಿ!"

"ಕಡ್ಡೀನಾ? ಆ ಕಡ್ಡೀಲೇ ಬಾರಿಸ್ತೀನಿ ಬಾ!"

ದನಿ ಏರುತ್ತಾ ಹೋಯಿತು. ಹಟ್ಟಿಯ ನಾಯಿಗಳೆಲ್ಲ ಬೊಗಳತೊಡಗಿದವು. ಅಂಗನವಾಡಿ ಮುಗಿಸಿಕೊಂಡು ಬರುತ್ತಿದ್ದ ಗಂಗಾಲಕ್ಷ್ಮಿಗೆ ದಾರಿಯಲ್ಲೇ ಕೂಗಾಟ ಕೇಳಿಸಿತು. ಮುಖ ಬಿಳಚಿಕೊಂಡು, "ಅಯ್ಯೋ, ಮತ್ತೆ ಹೊಡೆದಾಡ್ತಾವ್ರಲ್ಲಪ್ಪೋ!" ಅಂತ ಬ್ಯಾಗು ಎಸೆದು ಓಡಿಬಂದಳು. ದೊಡ್ಡಿಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅವಳ ತಾಯಿ ಪುಟ್ಟಕ್ಕ ರಟ್ಟೆ ಹಿಡಿದು ನಿಲ್ಲಿಸಿದಳು. ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಹೋಗ್ಬ್ಯಾಡ, ಸುಮ್ಕೆ ನಿಂತ್ಕಳಮ್ಮಿ," ಅಂದಳು. "ಇಷ್ಟು ದಿನ ಆದ ಮ್ಯಾಲೆ ಬೈದಾಡ್ತಾವ್ರೆ. ಹೊಟ್ಟೆ ತುಂಬ ಬೈದಾಡ್ಲಿ."